ಪಹಣಿ ಹಿಡಿದು ಅಮೆರಿಕದ ಕಾಲೇಜಿಗೆ

ಅಮೆರಿಕದ ಹೆಸರಾಂತ ಖಾಸಗಿ ಕಾಲೇಜಿನಲ್ಲಿ ಪದವಿ ಓದಲು ಈಗ ವರ್ಷಕ್ಕೆ 80 ಸಾವಿರ ಡಾಲರಿಗೂ ಹೆಚ್ಚು ಖರ್ಚಾಗುತ್ತದೆ. ಡಾಲರಿಗೆ 85 ರೂಪಾಯಿ ಎಂದು ಹಿಡಿದರೂ 68 ಲಕ್ಷ ರೂಪಾಯಿ. ನಾಲ್ಕು ವರ್ಷಕ್ಕೆ ಎರಡೂಮುಕ್ಕಾಲು ಕೋಟಿಯ ಹತ್ತಿರ. ಈ ಲೆಕ್ಕ ಕೇಳಿದ ಮೇಲೆ ಎರಡು ಎಕರೆ ಅಡಿಕೆ ತೋಟದ ಮನೆಯಲ್ಲಾಗಲಿ, ಬಸ್ ಕಂಡಕ್ಟರ್ ಮನೆಯಲ್ಲಾಗಲಿ, ಪ್ರೈಮರಿ ಶಾಲೆ ಮೇಷ್ಟ್ರ ಮನೆಯಲ್ಲಾಗಲಿ ಮಾತು ಮುಂದುವರಿಯುವುದಿಲ್ಲ. ‘ಅದೆಲ್ಲ ನಮ್ಮಂಥವರಿಗಲ್ಲ ಬಿಡಮ್ಮ’ ಎಂದು ಅಪ್ಪ ಹೇಳುತ್ತಾರೆ. ಮಗಳು ಸಿಇಟಿ ಪುಸ್ತಕ ತೆರೆಯುತ್ತಾಳೆ.

ಅಪ್ಪನ ಮಾತಿನಲ್ಲಿ ಪ್ರೀತಿಯಿದೆ, ಎಚ್ಚರವಿದೆ. ಅವರಿಗೆ ಸಿಗದೇ ಹೋದದ್ದು ಒಂದೇ ಒಂದು ಮಾಹಿತಿ: ಅದೇ ಹಾರ್ವರ್ಡ್‌ನಲ್ಲಿ, ಅದೇ ಎಂಐಟಿಯಲ್ಲಿ ಆ ಹುಡುಗಿಗೆ ಸೀಟು ಸಿಕ್ಕಿದ್ದೇ ಆದರೆ ಅವಳ ಮನೆಯವರು ಕಟ್ಟಬೇಕಾದ ಹಣ ಸೊನ್ನೆ ಅಥವಾ ಅದರ ಹತ್ತಿರದ ಮೊತ್ತ. 2025–26ರಿಂದ ಹಾರ್ವರ್ಡ್, ವರ್ಷಕ್ಕೆ ಒಂದು ಲಕ್ಷ ಡಾಲರಿಗಿಂತ ಕಡಿಮೆ ವರಮಾನವೂ ಸಾಧಾರಣ ಆಸ್ತಿಯೂ ಇರುವ ಕುಟುಂಬಗಳ ಮಕ್ಕಳಿಗೆ ಬೋಧನಾ ಶುಲ್ಕ, ಊಟ, ವಸತಿ ಎಲ್ಲವನ್ನೂ ತಾನೇ ಭರಿಸುತ್ತಿದೆ. ಎಂಐಟಿಯೂ ಇಂಥದೇ ನಿಯಮ ತಂದಿದೆ. ಎರಡೂ ಕಡೆ ವಿದೇಶಿ ವಿದ್ಯಾರ್ಥಿಗೂ ಅಮೆರಿಕದ ವಿದ್ಯಾರ್ಥಿಗೂ ನೆರವಿನಲ್ಲಿ ಭೇದವಿಲ್ಲ. ಒಂದು ಲಕ್ಷ ಡಾಲರ್ ಎಂದರೆ ಅದೇ ಲೆಕ್ಕದಲ್ಲಿ 85 ಲಕ್ಷ ರೂಪಾಯಿ. ಕರ್ನಾಟಕದ ಬಹುಪಾಲು ಮನೆಗಳು ಈ ಗೆರೆಯ ಎಷ್ಟೋ ಕೆಳಗಿವೆ.

2023–24ರಲ್ಲಿ ಅಮೆರಿಕಕ್ಕೆ ಅತಿ ಹೆಚ್ಚು ವಿದ್ಯಾರ್ಥಿಗಳನ್ನು ಕಳಿಸಿದ ದೇಶ ಭಾರತ. ಅಲ್ಲಿದ್ದ ನಮ್ಮ 3,31,602 ವಿದ್ಯಾರ್ಥಿಗಳಲ್ಲಿ ಪದವಿ ತರಗತಿಯವರು ಸುಮಾರು 36 ಸಾವಿರ ಮಾತ್ರ. ಉಳಿದವರಲ್ಲಿ ಹೆಚ್ಚಿನವರು ಇಲ್ಲಿ ಬಿಇ ಮುಗಿಸಿ, ಸಾಲ ಮಾಡಿ ಎಂಎಸ್‌ಗೆ ಹೋದವರು. ಸಾಲವಿಲ್ಲದೆ, ಪೂರ್ತಿ ನೆರವಿನಲ್ಲಿ ಪದವಿ ಓದುವ ದಾರಿಯೂ ಇದೆ ಎನ್ನುವುದು ಬೆಂಗಳೂರಿನ ದೊಡ್ಡ ಇಂಟರ್‌ನ್ಯಾಷನಲ್ ಶಾಲೆಗಳ ಮಕ್ಕಳಿಗೆ ಒಂಬತ್ತನೇ ತರಗತಿಯಲ್ಲೇ ಗೊತ್ತಿರುತ್ತದೆ. ಅದು ಯಾರಿಗೆ ನಿಜಕ್ಕೂ ಬೇಕೋ ಆ ಮಕ್ಕಳ ಕಿವಿಗೆ ಬೀಳುವುದೇ ಇಲ್ಲ. ಈ ಅನ್ಯಾಯ ಸರಿಪಡಿಸಬಹುದಾದದ್ದು ಎಂಬ ನಂಬಿಕೆಯಿಂದಲೇ ಈ ಲೇಖನ.

ಈ ದುಡ್ಡು ಯಾರದು?

ಅಮೆರಿಕದ ಸರ್ಕಾರ ತನ್ನ ವಿದ್ಯಾರ್ಥಿಗಳಿಗೆ ಕೊಡುವ ನೆರವು ವಿದೇಶಿಯರಿಗೆ ಸಿಗುವುದಿಲ್ಲ. ಅದಕ್ಕಾಗಿ ಇರುವ ಫ್ಯಾಫ್ಸಾ ಅರ್ಜಿ ನಮಗೆ ಸಂಬಂಧಿಸಿದ್ದಲ್ಲ. ನಮ್ಮ ಮಕ್ಕಳಿಗೆ ಸಿಗುವುದು ಕಾಲೇಜಿನ ಸ್ವಂತ ದುಡ್ಡು. ಹಳೆಯ ವಿದ್ಯಾರ್ಥಿಗಳು, ದಾನಿಗಳು ತಲೆಮಾರುಗಳಿಂದ ಕೊಟ್ಟ ನಿಧಿಯನ್ನು ಹೂಡಿಕೆ ಮಾಡಿ, ಅದರ ಗಳಿಕೆಯ ಒಂದು ಪಾಲನ್ನು ಪ್ರತಿವರ್ಷ ನೆರವಿಗೆ ಬಳಸುತ್ತಾರೆ. 1636ರಲ್ಲಿ ಹುಟ್ಟಿದ ಹಾರ್ವರ್ಡ್‌ನ ಇಂಥ ನಿಧಿ 2024ರಲ್ಲಿ 5,300 ಕೋಟಿ ಡಾಲರ್ ದಾಟಿತ್ತು.

ಲೆಕ್ಕ ಸರಳ. ಓದಿನ ಒಟ್ಟು ವಾರ್ಷಿಕ ಖರ್ಚಿನಿಂದ ನಿಮ್ಮ ಕುಟುಂಬ ನಿಜವಾಗಿ ಕೊಡಬಲ್ಲ ಮೊತ್ತವನ್ನು ಕಳೆದರೆ ಉಳಿಯುವುದೇ ‘ಅಗತ್ಯ’. ಆ ಅಗತ್ಯವನ್ನು ಪೂರ್ತಿ ತುಂಬುತ್ತೇವೆ ಎಂದು ಕೆಲವು ಕಾಲೇಜುಗಳು ಮಾತು ಕೊಟ್ಟಿವೆ. 2001ರಲ್ಲಿ ಪ್ರಿನ್ಸ್‌ಟನ್ ತನ್ನ ನೆರವಿನಿಂದ ಸಾಲವನ್ನು ತೆಗೆದುಹಾಕಿ, ಆ ಪಾಲನ್ನೂ ಅನುದಾನವಾಗಿಯೇ ಕೊಡತೊಡಗಿತು. ಅನುದಾನವನ್ನು ಮರಳಿಸಬೇಕಿಲ್ಲ. ಓದು ಮುಗಿದ ಮೇಲೆ ಇಷ್ಟು ವರ್ಷ ದುಡಿಯಬೇಕೆಂಬ ಕರಾರೂ ಇಲ್ಲ.

1913ರಲ್ಲಿ ಬಿ.ಆರ್. ಅಂಬೇಡ್ಕರ್ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಬರೋಡಾದ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ: ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷ. ಮರಳಿ ಬಂದು ಹತ್ತು ವರ್ಷ ಬರೋಡಾ ಸಂಸ್ಥಾನದ ಸೇವೆ ಮಾಡಬೇಕೆಂಬ ಒಪ್ಪಂದಕ್ಕೆ ಅವರು ಸಹಿ ಹಾಕಬೇಕಾಯಿತು. ಆ ಮೂರು ವರ್ಷಗಳ ಓದು ಈ ದೇಶಕ್ಕೆ ಏನು ಕೊಟ್ಟಿತೆಂದು ನಮಗೆಲ್ಲ ಗೊತ್ತು. ಅಂದು ಒಬ್ಬ ಮಹಾರಾಜನ ಔದಾರ್ಯ ಬೇಕಿತ್ತು. ಇಂದು ನಿಯಮಬದ್ಧವಾದ, ಯಾರ ಶಿಫಾರಸೂ ಬೇಡದ ವ್ಯವಸ್ಥೆಯೊಂದಿದೆ. ಅದನ್ನು ಕೇಳುವುದರಲ್ಲಿ ಕೈಯೊಡ್ಡುವ ಸಂಕೋಚಕ್ಕೆ ಜಾಗವಿಲ್ಲ.

ಕಾಲೇಜು ಕಾಲೇಜಿಗೂ ಬೇರೆ ನಿಯಮ

ನೆರವು ಬೇಕಾದವರು ಮೊದಲು ನೋಡಬೇಕಾದದ್ದು ರ‍್ಯಾಂಕಿಂಗ್ ಪಟ್ಟಿಯನ್ನಲ್ಲ, ವಿದೇಶಿ ವಿದ್ಯಾರ್ಥಿಗಳ ಬಗ್ಗೆ ಆ ಕಾಲೇಜಿನ ನೀತಿಯನ್ನು.

ಮೊದಲನೆಯ ಗುಂಪು ‘ನೀಡ್ ಬ್ಲೈಂಡ್’ ಕಾಲೇಜುಗಳು. ಇಲ್ಲಿ ಸೀಟು ಕೊಡುವ ಸಮಿತಿ ನೀವು ನೆರವು ಕೇಳಿದ್ದೀರೋ ಇಲ್ಲವೋ ಎಂಬುದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ವಿದೇಶಿಯರಿಗೂ ಈ ನೀತಿ ಅನ್ವಯಿಸಿ, ಅಗತ್ಯವನ್ನೂ ಪೂರ್ತಿ ತುಂಬುವ ಸಂಸ್ಥೆಗಳು ಹತ್ತರ ಆಸುಪಾಸು ಮಾತ್ರ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ ಮತ್ತು ಆಮ್‌ಹರ್ಸ್ಟ್ ಹಳೆಯ ಐದು. 2022ರಲ್ಲಿ ಡಾರ್ಟ್‌ಮತ್ ಮತ್ತು ಬೋಡನ್ ಸೇರಿದವು. ಆಮೇಲೆ ಬ್ರೌನ್, ನೋಟರ್ ಡೇಮ್, ವಾಷಿಂಗ್ಟನ್ ಅಂಡ್ ಲೀ ಬಂದವು.

ಎರಡನೆಯದು ‘ನೀಡ್ ಅವೇರ್’ ಗುಂಪು. ಸ್ಟ್ಯಾನ್‌ಫರ್ಡ್, ಕೊಲಂಬಿಯಾ, ಕಾರ್ನೆಲ್, ಡ್ಯೂಕ್‌ನಂಥ ವಿಶ್ವವಿದ್ಯಾಲಯಗಳು, ಸ್ವಾರ್ತ್‌ಮೋರ್, ವೆಲ್ಸ್‌ಲಿ, ಪೊಮೋನಾ, ಗ್ರಿನೆಲ್, ಮ್ಯಾಕಲೆಸ್ಟರ್‌ನಂಥ ಸಣ್ಣ ಕಾಲೇಜುಗಳು ಇಲ್ಲಿವೆ. ವಿದೇಶಿಯರ ನೆರವಿಗೆ ಇವು ಇಂತಿಷ್ಟು ಹಣ ಎತ್ತಿಟ್ಟಿರುತ್ತವೆ; ಹಾಗಾಗಿ ನೀವು ಕೇಳುವ ಮೊತ್ತ ಸೀಟಿನ ತೀರ್ಮಾನದ ಮೇಲೂ ಪರಿಣಾಮ ಬೀರುತ್ತದೆ. ಆದರೆ ಸೀಟು ಕೊಟ್ಟರೆ ನೆರವಿನ ಜೊತೆಗೇ ಕೊಡುತ್ತವೆ. ಒಂದೆರಡು ಸಾವಿರ ವಿದ್ಯಾರ್ಥಿಗಳಷ್ಟೇ ಇರುವ, ಅಧ್ಯಾಪಕರೇ ಪ್ರತಿ ವಿದ್ಯಾರ್ಥಿಯನ್ನು ಹೆಸರು ಹಿಡಿದು ಕರೆಯುವ ಈ ಲಿಬರಲ್ ಆರ್ಟ್ಸ್ ಕಾಲೇಜುಗಳ ಹೆಸರು ನಮ್ಮಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ನೆರವು ಬೇಕಾದ ಜಾಣ ಮಕ್ಕಳಿಗೆ ಇವೇ ಹೆಚ್ಚು ನಂಬಬಹುದಾದ ಜಾಗ ಎಂಬುದು ನನ್ನ ದೃಢ ಅಭಿಪ್ರಾಯ.

ಮೂರನೆಯ ಗುಂಪು ರಾಜ್ಯ ಸರ್ಕಾರಗಳ ವಿಶ್ವವಿದ್ಯಾಲಯಗಳದು. ಇವುಗಳ ಮೊದಲ ಹೊಣೆ ತಮ್ಮ ರಾಜ್ಯದ ಮಕ್ಕಳು. ವಿದೇಶಿಯರಿಗೆ ಅಗತ್ಯ ನೋಡಿ ನೆರವು ಕೊಡುವುದು ಇಲ್ಲಿ ತೀರಾ ಅಪರೂಪ. ಸೀಟು ಸುಲಭವಾಗಿ ಸಿಕ್ಕಿತೆಂದು ಹಿಗ್ಗಿ, ಆಮೇಲೆ ಮನೆ ಅಡವಿಡುವ ಸ್ಥಿತಿಗೆ ಬರುವುದು ಹೆಚ್ಚಾಗಿ ಇಂಥ ಕಡೆ.

ಇವುಗಳ ನಡುವೆ ಕೆಲವು ವಿಶೇಷ ದಾರಿಗಳಿವೆ. ಕೆಂಟಕಿಯ ಬೆರೀಯಾ ಕಾಲೇಜು ಗುಲಾಮಗಿರಿಯನ್ನು ವಿರೋಧಿಸಿದವರು 1855ರಲ್ಲಿ ಕಟ್ಟಿದ ಸಂಸ್ಥೆ. ಅಲ್ಲಿ ಯಾರಿಗೂ ಬೋಧನಾ ಶುಲ್ಕವಿಲ್ಲ. ಬದಲಿಗೆ ಪ್ರತಿ ವಿದ್ಯಾರ್ಥಿಯೂ ವಾರಕ್ಕೆ ಕನಿಷ್ಠ ಹತ್ತು ಗಂಟೆ ಕಾಲೇಜಿನಲ್ಲೇ ಕೆಲಸ ಮಾಡಬೇಕು. ಕಾರ್ನೆಲ್‌ನಲ್ಲಿ ಟಾಟಾ ಟ್ರಸ್ಟ್ 2008ರಲ್ಲಿ ಕೊಟ್ಟ ಎರಡೂವರೆ ಕೋಟಿ ಡಾಲರಿನ ನಿಧಿಯಿಂದ ಭಾರತದ ವಿದ್ಯಾರ್ಥಿಗಳಿಗೆಂದೇ ನೆರವಿದೆ. ಪುಣೆ ಬಳಿಯ ಯುಡಬ್ಲ್ಯುಸಿ ಮಹೀಂದ್ರಾ ಕಾಲೇಜಿನಂಥ ಯುಡಬ್ಲ್ಯುಸಿ ಶಾಲೆಗಳಲ್ಲಿ ಓದಿದವರಿಗೆ ಅಮೆರಿಕದ ಹಲವು ಕಾಲೇಜುಗಳಲ್ಲಿ ಡೇವಿಸ್ ವಿದ್ಯಾರ್ಥಿವೇತನದ ಬೆಂಬಲ ಸಿಗುತ್ತದೆ. ಆ ಶಾಲೆಗೆ ಸೇರುವಾಗಲೂ ಬಡ ಮಕ್ಕಳು ನೆರವು ಕೇಳಬಹುದು. ನಮ್ಮಲ್ಲಿ ಹೆಸರಾದ ಜೆ.ಎನ್. ಟಾಟಾ ಎಂಡೋಮೆಂಟ್, ಕೆ.ಸಿ. ಮಹೀಂದ್ರಾ ಟ್ರಸ್ಟ್‌ನ ವಿದೇಶ ವ್ಯಾಸಂಗದ ನೆರವುಗಳು ಸಾಲದ ರೂಪದವು, ಸ್ನಾತಕೋತ್ತರ ಓದಿಗೆ ಮೀಸಲಾದವು. ಪಿಯುಸಿ ಮುಗಿಸಿದವರು ಅವುಗಳ ಮೇಲೆ ಭರವಸೆ ಇಡುವಂತಿಲ್ಲ.

ಇನ್ನೊಂದು ಮಾತು ಮುಖ್ಯ. ನೆರವು ಕೇಳಿದರೆ ಸೀಟು ತಪ್ಪಬಹುದೆಂದು ಹೆದರಿ, ‘ಸೀಟು ಸಿಗಲಿ, ಮುಂದಿನ ವರ್ಷ ಕೇಳಿದರಾಯಿತು’ ಎಂದುಕೊಳ್ಳುವವರಿದ್ದಾರೆ. ಹೆಚ್ಚಿನ ಕಾಲೇಜುಗಳಲ್ಲಿ, ಪ್ರವೇಶದ ಅರ್ಜಿಯ ಜೊತೆ ನೆರವು ಕೇಳದ ವಿದೇಶಿ ವಿದ್ಯಾರ್ಥಿಗೆ ಆಮೇಲೆ ಕೇಳುವ ಅವಕಾಶವಿಲ್ಲ. ಬೇಕಿದ್ದರೆ ಮೊದಲೇ, ಬೇಕಿದ್ದಷ್ಟನ್ನೂ ಕೇಳಬೇಕು.

ಪಿಯು ಕಾಲೇಜಿನ ಆಫೀಸಿನಲ್ಲಿ

ನಮ್ಮ ಪಿಯು ವ್ಯವಸ್ಥೆಯ ಮಕ್ಕಳಿಗೆ ನಿಜವಾದ ತೊಡಕು ಶುರುವಾಗುವುದು ಇಲ್ಲಿ. ಅಮೆರಿಕದ ಕಾಲೇಜುಗಳು ಒಂದು ಪ್ರವೇಶ ಪರೀಕ್ಷೆಯ ಅಂಕ ನೋಡಿ ಸೀಟು ಹಂಚುವುದಿಲ್ಲ. ಒಂಬತ್ತರಿಂದ ಹನ್ನೆರಡನೇ ತರಗತಿವರೆಗಿನ ನಾಲ್ಕೂ ವರ್ಷದ ಅಂಕ, ಇಬ್ಬರು ಅಧ್ಯಾಪಕರ ಪತ್ರ, ಶಾಲೆಯ ಕೌನ್ಸೆಲರ್ ಬರೆಯುವ ವರದಿ, 650 ಪದಗಳ ಪ್ರಬಂಧ, ಓದಿನಾಚೆಯ ಕೆಲಸಗಳ ಪಟ್ಟಿ ಇವೆಲ್ಲವನ್ನೂ ಕೇಳುತ್ತವೆ. ಬಹುಪಾಲು ಕಾಲೇಜುಗಳಿಗೆ ‘ಕಾಮನ್ ಆ್ಯಪ್’ ಎಂಬ ಒಂದೇ ಅರ್ಜಿಯಲ್ಲಿ ಇದನ್ನು ಕಳಿಸಬಹುದು. ಒಬ್ಬರು 20 ಕಾಲೇಜುಗಳವರೆಗೆ ಆರಿಸಿಕೊಳ್ಳಬಹುದು. ಎಂಐಟಿಯಂಥ ಕೆಲವಕ್ಕೆ ಬೇರೆ ಅರ್ಜಿ.

ನಮ್ಮಲ್ಲಿ ಒಂಬತ್ತು, ಹತ್ತು ಒಂದು ಹೈಸ್ಕೂಲಿನಲ್ಲಿ, ಪಿಯುಸಿ ಇನ್ನೊಂದು ಕಾಲೇಜಿನಲ್ಲಿ. ಒಂಬತ್ತನೇ ತರಗತಿಯ ಅಂಕಪಟ್ಟಿಗೆ ಹಳೆಯ ಹೆಡ್ ಮಾಸ್ಟರನ್ನು ಹುಡುಕಿಕೊಂಡು ಹೋಗಬೇಕು. ಸರ್ಕಾರಿ ಪಿಯು ಕಾಲೇಜಿನಲ್ಲಿ ಕೌನ್ಸೆಲರ್ ಎಂಬ ಹುದ್ದೆಯೇ ಇಲ್ಲ. ಆ ಕೆಲಸವನ್ನು ಪ್ರಿನ್ಸಿಪಾಲರೋ ಹಿರಿಯ ಉಪನ್ಯಾಸಕರೋ ಮಾಡಬೇಕು, ಮಾಡಬಹುದು. ದ್ವಿತೀಯ ಪಿಯುಸಿಯಲ್ಲಿ ಎಷ್ಟು ಅಂಕ ಬರಬಹುದೆಂಬ ಅಂದಾಜನ್ನೂ ಅವರೇ ಕೊಡಬೇಕು. ಶಿಫಾರಸು ಪತ್ರವೆಂದರೆ ನಮ್ಮ ಕಡೆ ‘ಈತನ ನಡತೆ ಉತ್ತಮವಾಗಿದೆ’ ಎಂಬ ಎರಡು ಸಾಲು. ಅಲ್ಲಿನವರು ಕೇಳುವುದು ಬೇರೆ: ಈ ಹುಡುಗ ತರಗತಿಯಲ್ಲಿ ಎಂಥ ಪ್ರಶ್ನೆ ಕೇಳುತ್ತಾನೆ, ಲ್ಯಾಬ್‌ನಲ್ಲಿ ಪ್ರಯೋಗ ಕೈಕೊಟ್ಟರೆ ಏನು ಮಾಡುತ್ತಾನೆ, ಜೊತೆಯವರಿಗೆ ಹೇಗೆ ನೆರವಾಗುತ್ತಾನೆ. ಮೂವತ್ತು ವರ್ಷ ಪಾಠ ಮಾಡಿದ ಭೌತಶಾಸ್ತ್ರದ ಮೇಷ್ಟ್ರಿಗೆ ಇದೆಲ್ಲ ಚೆನ್ನಾಗಿಯೇ ಗೊತ್ತಿರುತ್ತದೆ. ಬರೆಯಬೇಕೆಂದು ಯಾರಾದರೂ ಮೊದಲೇ ಹೇಳಿರಬೇಕಷ್ಟೆ.

ವೇಳಾಪಟ್ಟಿಯ ಘರ್ಷಣೆ ಇನ್ನೊಂದು. ಬೇಗ ಅರ್ಜಿ ಹಾಕುವವರಿಗೆ ನವೆಂಬರ್ 1ರ ಸುಮಾರಿಗೆ ಗಡುವು, ಉಳಿದವರಿಗೆ ಜನವರಿಯ ಮೊದಲ ವಾರದ ಆಸುಪಾಸು. ನಮ್ಮ ಮಕ್ಕಳಿಗೆ ಅದೇ ಹೊತ್ತಿಗೆ ಪ್ರಿಪರೇಟರಿ, ಜೆಇಇ, ಮಾರ್ಚ್‌ನಲ್ಲಿ ಬೋರ್ಡ್ ಪರೀಕ್ಷೆ. ಅದಕ್ಕೇ ಗಣಿತ, ಭಾಷೆಯ ಸಾಮರ್ಥ್ಯ ಅಳೆಯುವ ಎಸ್‌ಎಟಿ ಮತ್ತು ಇಂಗ್ಲಿಷ್ ಪರೀಕ್ಷೆಗಳು ಪ್ರಥಮ ಪಿಯುಸಿಯ ಕೊನೆಗೋ ಬೇಸಿಗೆ ರಜೆಯ ಹಿಂದೆಮುಂದೆಯೋ ಮುಗಿದಿರಬೇಕು. ಎಂಐಟಿ, ಹಾರ್ವರ್ಡ್, ಡಾರ್ಟ್‌ಮತ್, ಬ್ರೌನ್‌ಗಳು ಎಸ್‌ಎಟಿಯಂಥ ಪರೀಕ್ಷೆಯ ಅಂಕವನ್ನು ಮತ್ತೆ ಕಡ್ಡಾಯ ಮಾಡಿವೆ. ಅಂಕ ಕೇಳದ ಒಳ್ಳೆಯ ಕಾಲೇಜುಗಳೂ ಬೇಕಷ್ಟಿವೆ. ಪ್ರತಿ ಅರ್ಜಿಗೆ 75–90 ಡಾಲರ್ ಶುಲ್ಕವೆಂದರೆ ಹತ್ತು ಅರ್ಜಿಗೆ 60 ಸಾವಿರ ರೂಪಾಯಿ ಮೀರುತ್ತದೆ. ಕಟ್ಟಲಾಗದವರು ಶುಲ್ಕ ವಿನಾಯಿತಿ ಕೇಳಬಹುದು. ಎಷ್ಟೋ ಕಾಲೇಜುಗಳು ಒಂದು ವಿನಯದ ಇಮೇಲ್‌ಗೆ ಒಪ್ಪಿಗೆ ಕೊಡುತ್ತವೆ.

ಮನೆಯ ಲೆಕ್ಕ ಬಿಚ್ಚಿಡುವುದು

ನೆರವಿನ ಅರ್ಜಿಯ ಹೆಸರು ‘ಸಿಎಸ್‌ಎಸ್ ಪ್ರೊಫೈಲ್’. ಅಕ್ಟೋಬರ್ 1ರಿಂದ ತುಂಬಬಹುದು. ಮೊದಲ ಕಾಲೇಜಿಗೆ 25 ಡಾಲರ್, ನಂತರದ ಪ್ರತಿಯೊಂದಕ್ಕೆ 16. ಕೆಲವು ಕಾಲೇಜುಗಳು ಕೇಳಿದರೆ ಶುಲ್ಕ ಮಾಫಿಯ ಕೋಡ್ ಕೊಡುತ್ತವೆ. ಇನ್ನು ಕೆಲವು ತಮ್ಮದೇ ಅರ್ಜಿ ಇಟ್ಟುಕೊಂಡಿವೆ. ಮೊತ್ತಗಳನ್ನು ರೂಪಾಯಿಯಲ್ಲೇ ಬರೆಯಬಹುದು.

ಅಪ್ಪ ಅಮ್ಮನ ವರಮಾನ, ಬ್ಯಾಂಕಿನಲ್ಲಿರುವ ಹಣ, ಮನೆಯ ಬೆಲೆ, ಜಮೀನು, ಸಾಲ, ಎಷ್ಟು ಮಕ್ಕಳು ಓದುತ್ತಿದ್ದಾರೆ, ಅಜ್ಜಿಯ ಔಷಧಿಗೆ ಎಷ್ಟು ಹೋಗುತ್ತದೆ ಎಂಬುದೆಲ್ಲ ಅರ್ಜಿಯ ಲೆಕ್ಕಕ್ಕೆ ಬರುತ್ತದೆ. ಸಂಬಳದಾರರ ಮನೆಗೆ ಫಾರಂ 16, ಐಟಿ ರಿಟರ್ನ್ಸ್ ಸಾಕು. ರೈತರ ಮನೆಯಲ್ಲಿ ಅವು ಇರುವುದಿಲ್ಲ. ಕೃಷಿ ಆದಾಯಕ್ಕೆ ತೆರಿಗೆಯೇ ಇಲ್ಲವಲ್ಲ. ಆಗ ತಹಶೀಲ್ದಾರರ ಆದಾಯ ಪ್ರಮಾಣಪತ್ರ, ಪಹಣಿ, ರೇಷನ್ ಕಾರ್ಡ್, ಎಪಿಎಂಸಿ ಅಥವಾ ಸೊಸೈಟಿಯ ಮಾರಾಟದ ರಸೀದಿ, ಬ್ಯಾಂಕ್ ಪಾಸ್‌ಬುಕ್ ಇವೇ ದಾಖಲೆ. ಕನ್ನಡದಲ್ಲಿರುವುದನ್ನು ಇಂಗ್ಲಿಷಿಗೆ ಅನುವಾದಿಸಿ ಜೊತೆಗಿಡಬೇಕು. ಅರ್ಜಿಯಲ್ಲಿ ವಿಶೇಷ ಪರಿಸ್ಥಿತಿಯನ್ನು ವಿವರಿಸಲು ಜಾಗವಿದೆ. ಪಹಣಿಯಲ್ಲಿ ನಾಲ್ಕು ಎಕರೆ ಇದ್ದರೂ ಅದು ಮೂವರು ಅಣ್ಣತಮ್ಮಂದಿರ ಜಂಟಿ ಖಾತೆ ಎಂಬುದನ್ನು, ಕೊಳೆರೋಗದಿಂದ ಆ ವರ್ಷದ ಅಡಿಕೆ ಹೋಯಿತು ಎಂಬುದನ್ನು, ಬೆಲೆಯಿದ್ದರೂ ಆ ಜಮೀನು ಮಾರಿದರೆ ಮನೆಗೆ ಅನ್ನದ ದಾರಿಯೇ ಇಲ್ಲ ಎಂಬುದನ್ನು ಅಲ್ಲಿ ಸರಳವಾಗಿ ಬರೆಯಬೇಕು. ಲೆಕ್ಕ ನೋಡುವ ಅಧಿಕಾರಿ ಮ್ಯಾಸಚೂಸೆಟ್ಸ್‌ನಲ್ಲೋ ಅಯೋವಾದಲ್ಲೋ ಕೂತಿರುತ್ತಾರೆ. ನಾವು ಹೇಳದ ಹೊರತು ಅವರಿಗೆ ತಿಳಿಯುವುದು ಹೇಗೆ?

ಸುಳ್ಳು ಮಾತ್ರ ಒಂದಕ್ಷರವೂ ಬೇಡ. ಅಂಕಪಟ್ಟಿ, ಪ್ರಮಾಣಪತ್ರಗಳನ್ನು ಸ್ವತಃ ಸೃಷ್ಟಿಸಿಕೊಂಡು, ಬದುಕಿದ್ದ ತಂದೆ ಸತ್ತಿದ್ದಾರೆಂದು ಬರೆದು ಪೆನ್ಸಿಲ್ವೇನಿಯಾದ ವಿಶ್ವವಿದ್ಯಾಲಯವೊಂದರಲ್ಲಿ ಪೂರ್ತಿ ನೆರವು ಪಡೆದಿದ್ದ ಭಾರತದ ವಿದ್ಯಾರ್ಥಿಯೊಬ್ಬ 2024ರಲ್ಲಿ ಸಿಕ್ಕಿಬಿದ್ದು, ಜೈಲು ಕಂಡು, ಊರಿಗೆ ಮರಳಬೇಕಾಯಿತು. ಇಂಥ ಒಂದು ಸುಳ್ಳು ಪ್ರಾಮಾಣಿಕ ಮಕ್ಕಳ ನೂರಾರು ಅರ್ಜಿಗಳ ಮೇಲೆ ಅನುಮಾನದ ನೆರಳು ಬೀಳಿಸುತ್ತದೆ. ‘ಸೀಟು ಗ್ಯಾರಂಟಿ, ಸ್ಕಾಲರ್‌ಶಿಪ್ ಗ್ಯಾರಂಟಿ’ ಎಂದು ಲಕ್ಷಗಟ್ಟಲೆ ಕೇಳುವ ಏಜೆಂಟರಿಂದಲೂ ದೂರವಿರಬೇಕು. ಗ್ಯಾರಂಟಿ ಕೊಡುವ ಅಧಿಕಾರ ಯಾರಿಗೂ ಇಲ್ಲ. ಅಮೆರಿಕ ಸರ್ಕಾರದ ‘ಎಜುಕೇಷನ್ ಯುಎಸ್‌ಎ’ ಸಲಹಾ ಕೇಂದ್ರಗಳಲ್ಲಿ ಮೂಲ ಮಾಹಿತಿ ಹಣವಿಲ್ಲದೆ ಸಿಗುತ್ತದೆ.

ಪ್ರಬಂಧದ ವಿಷಯದಲ್ಲೂ ಇದೇ ಮಾತು. ಬಡತನವನ್ನು ಕಣ್ಣೀರಿನ ಕಥೆ ಮಾಡಿ ಬರೆಯಬೇಕಿಲ್ಲ. ಅದಕ್ಕೆ ಸಿಎಸ್‌ಎಸ್ ಇದೆ. ಬೆಳಗ್ಗೆ ಡೇರಿಗೆ ಹಾಲು ಹಾಕಿ ಬಂದು ಓದಲು ಕೂರುವುದು, ತಂಗಿಗೆ ಗಣಿತ ಹೇಳಿಕೊಡುವುದು, ಅಮ್ಮನ ಸ್ವಸಹಾಯ ಸಂಘದ ಲೆಕ್ಕ ಬರೆಯುವುದು ನಮ್ಮ ಮಕ್ಕಳಿಗೆ ಹೇಳಿಕೊಳ್ಳುವಂಥ ಸಂಗತಿಗಳೆಂದೇ ಅನಿಸುವುದಿಲ್ಲ. ಕಾಮನ್ ಆ್ಯಪ್‌ನ ಚಟುವಟಿಕೆಗಳ ಪಟ್ಟಿಯಲ್ಲಿ ಮನೆಯ ಜವಾಬ್ದಾರಿಗೆಂದೇ ಒಂದು ವಿಭಾಗವಿದೆ. ಇವು ಅಲ್ಲಿ ಬರೆಯಬೇಕಾದ ಕೆಲಸಗಳೇ.

ಪತ್ರ ಬಂದ ಮೇಲೆ

ಫಲಿತಾಂಶ ಬರುವುದು ಹೆಚ್ಚಾಗಿ ಮಾರ್ಚ್ ಕೊನೆಗೆ. ಸಾಮಾನ್ಯವಾಗಿ ಮೇ 1ರೊಳಗೆ ಉತ್ತರ ಹೇಳಬೇಕು. ‘ಅಭಿನಂದನೆ’ ಎಂಬ ಮಾತಿಗಿಂತ ಅದರ ಜೊತೆಗಿನ ನೆರವಿನ ಪತ್ರವನ್ನು ಎಚ್ಚರದಿಂದ ಓದಬೇಕು. ‘ನಾಲ್ಕು ವರ್ಷಕ್ಕೆ ಒಂದು ಕೋಟಿ ಸ್ಕಾಲರ್‌ಶಿಪ್’ ಎಂಬುದು ಕೇಳಲು ದೊಡ್ಡದು. ಒಟ್ಟು ಖರ್ಚು ಎರಡೂಮುಕ್ಕಾಲು ಕೋಟಿಯಿದ್ದರೆ ಇನ್ನೂ ಒಂದೂಮುಕ್ಕಾಲು ಕೋಟಿ ಮನೆಯವರ ತಲೆಯ ಮೇಲಿದೆ. ಕೇಳಬೇಕಾದ ಪ್ರಶ್ನೆ ಒಂದೇ: ವರ್ಷಕ್ಕೆ ನಮ್ಮ ಕೈಯಿಂದ ಎಷ್ಟು? ಅದು ಮನೆಗೆ ನಿಲುಕದಿದ್ದರೆ ದಾಖಲೆ ಕೊಟ್ಟು ಮರುಪರಿಶೀಲನೆ ಕೇಳಬಹುದು. ಆಗಲೂ ಆಗದಿದ್ದರೆ ಬಿಟ್ಟುಬಿಡುವ ಗಟ್ಟಿತನ ಬೇಕು.

ಚಿಕ್ಕ ಅಕ್ಷರದ ಖರ್ಚುಗಳೂ ಇವೆ. ಆರೋಗ್ಯ ವಿಮೆ, ವಿಮಾನದ ಟಿಕೆಟ್, ಚಳಿಗಾಲದ ಬಟ್ಟೆ ನೆರವಿನಲ್ಲಿ ಸೇರಿವೆಯೇ ಎಂದು ಕೇಳಿಕೊಳ್ಳಬೇಕು. ವೀಸಾ ಅರ್ಜಿಗೆ 185 ಡಾಲರ್, ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆಗೆ ಕಟ್ಟುವ ಸೆವಿಸ್ ಶುಲ್ಕ 350 ಡಾಲರ್. ಬೋಧನಾ ಶುಲ್ಕದ ನೆರವಿಗೆ ತೆರಿಗೆಯಿಲ್ಲ. ಊಟ ವಸತಿಗೆಂದು ಕೊಟ್ಟ ನೆರವಿನ ಮೇಲೆ ವಿದೇಶಿ ವಿದ್ಯಾರ್ಥಿಯಿಂದ ಸಾಮಾನ್ಯವಾಗಿ 14% ಮುರಿದುಕೊಳ್ಳುತ್ತಾರೆ. ಭಾರತ–ಅಮೆರಿಕ ತೆರಿಗೆ ಒಪ್ಪಂದದಿಂದಾಗಿ ನಮ್ಮ ವಿದ್ಯಾರ್ಥಿಗಳು ವರ್ಷದ ರಿಟರ್ನ್ ಸಲ್ಲಿಸುವಾಗ ಹೆಚ್ಚುವರಿ ವಿನಾಯಿತಿ ಪಡೆಯಬಹುದು. ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆ ಕೆಲಸ ಮಾಡಲು ಅನುಮತಿಯಿದೆ.

ವೀಸಾದ ದಾರಿ ಮೊದಲಿನಷ್ಟು ನೇರವಾಗಿಲ್ಲ. 2025ರ ಮೇ ಕೊನೆಯಲ್ಲಿ ವಿದ್ಯಾರ್ಥಿ ವೀಸಾದ ಹೊಸ ಸಂದರ್ಶನಗಳ ನಿಗದಿಯನ್ನು ಅಮೆರಿಕ ಕೆಲವು ವಾರ ನಿಲ್ಲಿಸಿತು. ಮತ್ತೆ ಆರಂಭಿಸಿದಾಗ ಅರ್ಜಿದಾರರ ಸಾಮಾಜಿಕ ಜಾಲತಾಣದ ಖಾತೆಗಳನ್ನೂ ಪರಿಶೀಲಿಸುವುದಾಗಿ ಹೇಳಿತು. ಅದೇ ಮೇ ತಿಂಗಳಲ್ಲಿ ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಹಾರ್ವರ್ಡ್‌ನ ಅಧಿಕಾರವನ್ನೇ ಸರ್ಕಾರ ಕಿತ್ತುಕೊಳ್ಳಲು ಹೊರಟಿತು, ನ್ಯಾಯಾಲಯ ತಡೆಯಿತು. ಹಣವಿರುವ ಮನೆಯ ಹುಡುಗನಿಗೆ ಇಂಥ ಏರುಪೇರಿನಿಂದ ಒಂದು ವರ್ಷ ಹಾಳಾಗಬಹುದು. ನೆರವನ್ನೇ ನಂಬಿದವರಿಗೆ ಇನ್ನೊಂದು ಆಸರೆ ಕೈಯಲ್ಲಿರಲೇಬೇಕು.

ಎರಡು ಕಾಲಿನ ಮೇಲೆ ನಿಲ್ಲುವುದು

ಈ ದಾರಿ ಕಿರಿದು ಎಂಬುದನ್ನು ಮಕ್ಕಳಿಂದ ಮುಚ್ಚಿಡಬಾರದು. ಹಾರ್ವರ್ಡ್‌ನಲ್ಲಿ ಒಟ್ಟಾರೆ ನೂರಕ್ಕೆ ನಾಲ್ವರಿಗೆ, ಎಂಐಟಿಯಲ್ಲಿ ವಿದೇಶಿ ಅರ್ಜಿದಾರರ ಪೈಕಿ ನೂರಕ್ಕೆ ಸುಮಾರು ಇಬ್ಬರಿಗೆ ಸೀಟು. ಸಿಗದಿದ್ದರೆ ಅದು ಆ ಮಗುವಿನ ಯೋಗ್ಯತೆಯ ತೀರ್ಪಲ್ಲ. ಸಿಇಟಿ ಬರೆಯಲೇಬೇಕು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ, ಹರಿಯಾಣದ ಅಶೋಕ ವಿಶ್ವವಿದ್ಯಾಲಯಗಳು ಮನೆಯ ಸ್ಥಿತಿ ನೋಡಿ ನೆರವು ಕೊಡುತ್ತವೆ. ಅಮೆರಿಕದ ಅರ್ಜಿಗೆ ಮಾಡಿದ ತಯಾರಿ ಅಲ್ಲಿಯೂ ಕೆಲಸಕ್ಕೆ ಬರುತ್ತದೆ.

ಆದರೆ ಅವಕಾಶ ಕಡಿಮೆ ಎಂಬುದು ಒಂದು ಮಾತು, ಅದು ಇದೆಯೆಂಬುದೇ ಗೊತ್ತಿಲ್ಲದಿರುವುದು ಇನ್ನೊಂದು. ಮೊದಲನೆಯದು ನಮ್ಮ ಕೈಯಲ್ಲಿಲ್ಲ. ಎರಡನೆಯದು ಪೂರ್ತಿ ನಮ್ಮ ಕೈಯಲ್ಲಿದೆ. ಹೊಸೂರು ಸಮೀಪದ ಶಾಂತಿ ಭವನ ಶಾಲೆಯನ್ನೇ ನೋಡಿ. ಅಬ್ರಹಾಂ ಜಾರ್ಜ್ 1997ರಲ್ಲಿ ಆರಂಭಿಸಿದ ಈ ವಸತಿ ಶಾಲೆಗೆ ಕರ್ನಾಟಕ, ತಮಿಳುನಾಡಿನ ಕಡುಬಡ ಮನೆಗಳ ಮಕ್ಕಳು ಬರುತ್ತಾರೆ. ಅಲ್ಲಿ ಓದಿದ ಕೆಲವರು ಪೂರ್ಣ ನೆರವಿನಲ್ಲಿ ಅಮೆರಿಕದ ಕಾಲೇಜುಗಳನ್ನು ಸೇರಿದ್ದಾರೆ. ಆ ಮಕ್ಕಳಿಗೆ ಸಿಕ್ಕಿದ್ದು ಒಳ್ಳೆಯ ಶಾಲೆ, ಮತ್ತು ‘ಇದನ್ನು ನೀನು ಮಾಡಬಲ್ಲೆ, ಹೀಗೆ ಮಾಡು’ ಎಂದು ಹೇಳುವ ದೊಡ್ಡವರು.

ಅಂಥ ದೊಡ್ಡವರು ಪ್ರತಿ ಜಿಲ್ಲೆಗೂ ಬೇಕು. ಪಿಯು ಶಿಕ್ಷಣ ಇಲಾಖೆ ಜಿಲ್ಲೆಗೆ ಒಬ್ಬಿಬ್ಬರು ಉಪನ್ಯಾಸಕರಿಗೆ ಈ ಅರ್ಜಿಗಳ ತರಬೇತಿ ಕೊಡಬಹುದು. ಪ್ರತಿ ಕಾಲೇಜೂ ತನ್ನ ಪಠ್ಯಕ್ರಮ, ಅಂಕ ಪದ್ಧತಿ, ವಿದ್ಯಾರ್ಥಿಗಳ ಹಿನ್ನೆಲೆ ವಿವರಿಸುವ ಇಂಗ್ಲಿಷಿನ ಒಂದು ಪುಟವನ್ನು ಸಿದ್ಧವಾಗಿ ಇಟ್ಟುಕೊಳ್ಳಬಹುದು. ಅಮೆರಿಕದಲ್ಲಿರುವ ಕನ್ನಡ ಕೂಟಗಳ ಸದಸ್ಯರಲ್ಲಿ ಅಲ್ಲಿನ ಕಾಲೇಜುಗಳ ಒಳಹೊರಗು ಬಲ್ಲವರು, ತಮ್ಮ ಮಕ್ಕಳಿಗಾಗಿ ಇದೇ ಅರ್ಜಿಗಳನ್ನು ತುಂಬಿಸಿದವರು ಬಹಳ. ಒಬ್ಬೊಬ್ಬರು ತಮ್ಮೂರಿನ ಒಬ್ಬ ವಿದ್ಯಾರ್ಥಿಯ ಜೊತೆ ವಾರಕ್ಕೊಂದು ಗಂಟೆ ಕೂತರೂ ಆ ಅರ್ಜಿಯ ರೂಪವೇ ಬದಲಾಗುತ್ತದೆ.

ಮನೆಯಲ್ಲಿ ಪ್ರಥಮ ಪಿಯುಸಿಗೆ ಸೇರಿದ, ಓದಿನ ಹಸಿವಿರುವ ಮಗಳೋ ಮಗನೋ ಇದ್ದರೆ ಈ ತಿಂಗಳೇ ಮೂರು ಕೆಲಸ ಮಾಡಿ: ಒಂಬತ್ತನೇ ತರಗತಿಯ ಅಂಕಪಟ್ಟಿ ತರಿಸಿಕೊಳ್ಳಿ, ಮಗುವನ್ನು ಚೆನ್ನಾಗಿ ಬಲ್ಲ ಇಬ್ಬರು ಉಪನ್ಯಾಸಕರ ಬಳಿ ಮಾತಾಡಿ, ಪೂರ್ತಿ ನೆರವು ಕೊಡುವ ಎಂಟು ಹತ್ತು ಕಾಲೇಜುಗಳ ನೀತಿಯನ್ನು ಅವುಗಳ ವೆಬ್‌ಸೈಟಿನಲ್ಲೇ ಓದಿ. ಇವಕ್ಕೆ ದುಡ್ಡು ಬೇಡ. ನಮ್ಮ ಕೈಲಾಗುತ್ತದೋ ಇಲ್ಲವೋ ಎಂಬ ಪ್ರಶ್ನೆಗೆ ಕಾಲೇಜೇ ಲೆಕ್ಕ ಹಾಕಿ ಉತ್ತರ ಹೇಳಲಿ. ಕೇಳುವ ಮೊದಲೇ ನಮ್ಮ ಮಕ್ಕಳಿಗೆ ಇಲ್ಲವೆನ್ನುವ ಕೆಲಸ ನಾವು ಮಾಡುವುದು ಬೇಡ.